ಎರಡು ಟ್ಯೂಬಿನ ಪಾಂಟೂನಾ, ಮೂರು ಟ್ಯೂಬಿನದಾ?

ಪಾಂಟೂನ್ ಅಂದರೆ ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳ, ಅಂದರೆ ಟ್ಯೂಬುಗಳ, ಮೇಲೆ ತೇಲುವ ಚಪ್ಪಟೆ ಡೆಕ್ಕಿನ ಮೋಟಾರು ದೋಣಿ. ಮೊದಲೇ ಹೇಳಿಬಿಡುತ್ತೇನೆ, ನಾವು ಕೊಂಡದ್ದು ಎರಡು ಟ್ಯೂಬಿನದು. 20 ಅಡಿ, 90 ಹಾರ್ಸ್‌ಪವರ್ ಮೋಟಾರು, ಸೆಕೆಂಡ್ ಹ್ಯಾಂಡ್. ಮಾರಿದವರು ಅರ್ಧ ದಿನ ಓಡಿಸಿ ನೋಡಲು ಬಿಟ್ಟಿದ್ದರು. ಅದಕ್ಕೆ ಪೈಪೋಟಿಯಾಗಿ ನೋಡಿದ್ದು 22 ಅಡಿಯ ಮೂರು ಟ್ಯೂಬಿನದು, 150ರ ಮೋಟಾರು. ಅದೇ ಮಾಡೆಲನ್ನು ಅಟ್ಲಾಂಟಾ ಹತ್ತಿರದ ಲೇಕ್ ಲೇನಿಯರ್‌ನಲ್ಲಿ ಬಾಡಿಗೆಗೆ ತಗೊಂಡು ನೋಡಿದೆವು. ಸೋಫಾ, ಸ್ಪೀಕರು ಎರಡರಲ್ಲೂ ಇವೆ, ಬಿಡಿ.

ಯಾರೂ ಹೇಳದೇ ಇರುವುದು ಏಣಿಯ ವಿಷಯ. ಊರಿಂದ ಅಮ್ಮ ಬಂದಿದ್ದರು. ಮೊಣಕಾಲು ನೋವು ಇದ್ದರೂ ನೀರು ಕಂಡರೆ ಇಳಿಯಲೇಬೇಕು, ತುಂಗೆಯಲ್ಲಿ ಈಜು ಕಲಿತವರು. ಮೂರು ಟ್ಯೂಬಿನದರ ಏಣಿ ಡೆಕ್ಕಿನ ಅಡಿಯಿಂದ ಎಳೆಯುವಂಥದು. ನೆಟ್ಟಗೆ, ಮೂರೇ ಮೆಟ್ಟಿಲು, ಕೊನೆಯದು ನೀರಿನೊಳಗೆ ಒಂದಡಿಯೂ ಇಲ್ಲ. ತೇಲುತ್ತಿರುವವರು ಅದರ ಮೇಲೆ ಪಾದ ಇಡಬೇಕಾದರೆ ಮಂಡಿ ಎದೆಗೆ ಬರಬೇಕು. ಇಟ್ಟ ಕೂಡಲೇ ಕಾಲು ದೋಣಿಯ ಅಡಿಗೆ ಜಾರುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಲೈಫ್ ಜಾಕೆಟ್ ಬೇರೆ ಮೇಲಿನ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ. ಹಿಡಿಯೋಕೆ ಕಂಬಿಯೂ ಇಲ್ಲ. ನಾನು ಮೇಲಿಂದ ತೋಳು ಹಿಡಿದು ಎಳೆದು, ಹೆಂಡತಿ ನೀರಿನಿಂದ ತಳ್ಳಿ, ಅಮ್ಮ "ಬಿಡ್ರೋ, ನಾನು ಇಲ್ಲೇ ಇರ್ತೀನಿ" ಅಂತ ನಗುತ್ತಾ, ಅಂತೂ ಡೆಕ್ಕಿಗೆ ಬರುವಷ್ಟರಲ್ಲಿ ಮೊಣಕೈ ತರಚಿತ್ತು.

ನಮ್ಮ ಹಳೇದರದು ಓರೆಯಾಗಿ ಇಳಿಯುವ ಏಣಿ. ಐದು ಮೆಟ್ಟಿಲು, ಪಾದ ಪೂರ್ತಿ ಊರುವಷ್ಟು ಅಗಲ, ಎರಡೂ ಕಡೆ ಕಂಬಿ. ಅಮ್ಮ ತಾವೇ ಹತ್ತಿ ಬಂದು ಟವೆಲ್ ಕೇಳಿದರು. ಮೂರು ಟ್ಯೂಬಿನ ಹೊಸದನ್ನು ಮಾರುವವನನ್ನು ಕೇಳಿದರೆ ಏಣಿ ಬದಲಾಯಿಸಬಹುದು, ಆದರೆ ದುಡ್ಡು ಬೇರೆ ಅಂದ. 58,000 ಡಾಲರ್ ದೋಣಿಗೆ ಏಣಿ ಎಕ್ಸ್‌ಟ್ರಾ ಅಂದರೆ ಹೇಗೆ, ಅಲ್ವಾ?

ಅಲೆಯ ವಿಷಯದಲ್ಲಿ ಮಾತ್ರ ಮೂರು ಟ್ಯೂಬಿನದೇ ಗಟ್ಟಿ. ಶನಿವಾರ ಮಧ್ಯಾಹ್ನ ಲೇನಿಯರ್‌ನಲ್ಲಿ ಬೇಕೆಂದೇ ದೊಡ್ಡ ಅಲೆ ಎಬ್ಬಿಸುವ ವೇಕ್ ಬೋಟುಗಳ ಹಾವಳಿ ಜಾಸ್ತಿ. ನಮ್ಮದರಲ್ಲಿ ಎಲ್ಲರೂ ಮುಂದೆಯೇ ಕೂತು, ಅಲೆ ಬಂತು ಅಂತ ಹೆದರಿ ಥ್ರಾಟಲ್ ಒಮ್ಮೆಗೇ ಇಳಿಸಿದರೆ ಮೂತಿ ಕೆಳಗೆ ಹೋಗಿ ಗೇಟಿನ ಅಡಿಯಿಂದ ನೀರು ನುಗ್ಗುತ್ತದೆ. ಭಾರ ಹಿಂದಕ್ಕೆ ಹಾಕಿ, ಅಲೆಯನ್ನು ಸ್ವಲ್ಪ ಓರೆಯಾಗಿ ತಗೊಂಡರೆ ಸಾಕು. ನಾವು ಹೋಗುವುದೇ ಭಾನುವಾರ ಬೆಳಿಗ್ಗೆ. ಚಟ್ಟಹೂಚಿ ನದಿಗೆ ಬ್ಯೂಫರ್ಡ್ ಅಣೆಕಟ್ಟು ಕಟ್ಟಿ ಆದ ಕೆರೆ ಅದು, ಕಣಿವೆಗಳೆಲ್ಲ ಮುಳುಗಿ ಮೂಲೆ ಮೂಲೆಗೂ ಚಾಚಿಕೊಂಡಿದೆ. ಅಂಥ ಒಂದು ಮೂಲೆಯಲ್ಲಿ ಲಂಗರು ಹಾಕಿ, ಈಜಿ, ಪುಳಿಯೋಗರೆ ತಿಂದು ವಾಪಸ್.

ಗಾಳಿ ಬಂದರೆ ಎರಡನ್ನೂ ಒಂದೇ ಥರ ತಳ್ಳುತ್ತದೆ. ಮೇಲಿನ ಬಟ್ಟೆ ಚಪ್ಪರ ಮಡಚದೆ ಡಾಕಿಗೆ, ಅಂದರೆ ದೋಣಿ ಕಟ್ಟುವ ಕಟ್ಟೆಗೆ, ತರಲು ಹೋಗಬೇಡಿ.

ಮಕ್ಕಳನ್ನು ಗಾಳಿ ತುಂಬಿದ ಟ್ಯೂಬಿನಲ್ಲಿ ಕೂರಿಸಿ ದೋಣಿಯ ಹಿಂದೆ ಎಳೆಯಲು 90ರ ಮೋಟಾರು ಸಾಕು, ದೋಣಿ ತುಂಬ ಜನ ಇದ್ದರೆ ಮಾತ್ರ ಮೋಟಾರು ಏದುಸಿರು ಬಿಡುತ್ತದೆ. ಹದಿಮೂರರ ಒಳಗಿನವರಿಗೆ ದೋಣಿ ಓಡುವಾಗ ಲೈಫ್ ಜಾಕೆಟ್ ಇಲ್ಲಿ, ಜಾರ್ಜಿಯಾ ರಾಜ್ಯದಲ್ಲಿ, ಕಡ್ಡಾಯ.

ಇನ್ನು ತೂಕ. ನಮ್ಮ ಕಾರು 5,000 ಪೌಂಡ್ ಎಳೆಯುತ್ತದೆ. ಹಳೇದು ಟ್ರೈಲರ್, ಪೆಟ್ರೋಲು ಎಲ್ಲ ಸೇರಿ 3,500ರ ಆಸುಪಾಸು. ಹೊಸದು 5,000ಕ್ಕೇ ತಾಗುತ್ತದೆ, ಅಂದರೆ ದೋಣಿಯ ಜೊತೆ ಪಿಕಪ್ ಟ್ರಕ್ಕೂ ಕೊಳ್ಳಬೇಕು. ನಮ್ಮದಕ್ಕೆ ಟ್ರೈಲರ್ ಸಮೇತ ಆದದ್ದು 19,000 ಡಾಲರ್. ಪ್ರತಿ ಶನಿವಾರ ಗದ್ದಲದಲ್ಲೇ ಸುತ್ತುವವರು, ಮನೆಯಲ್ಲಿ ಟ್ರಕ್ ಇರುವವರು ಮೂರು ಟ್ಯೂಬಿನದನ್ನೇ ತಗೊಳ್ಳಿ, ಏಣಿ ಮಾತ್ರ ಕೊಳ್ಳುವ ಮುಂಚೆಯೇ ಬದಲಾಯಿಸಿಕೊಳ್ಳಿ.