ಮೂರು ಜೊತೆ ಪ್ಯಾಡು, ಎರಡು ಜೊತೆ ಡಿಸ್ಕು, ಒಂದೇ ಸಿಂಹಗಡ

ಕಳೆದ ವರ್ಷ ಪುಣೆ ಹತ್ತಿರದ ಸಿಂಹಗಡ ಕೋಟೆಯಿಂದ ಇಳಿಯುವಾಗ ಬ್ರೇಕ್ ಅರ್ಧ ಕೈಕೊಟ್ಟಿತು. ಪೆಡಲ್ ಗಟ್ಟಿಯಾಗೇ ಇತ್ತು. ಎಷ್ಟು ಒತ್ತಿದರೂ ಗಾಡಿ ಮಾತ್ರ ತನ್ನ ಪಾಡಿಗೆ ಇಳಿಯುತ್ತಿತ್ತು. ಸುಟ್ಟ ವಾಸನೆ ಬೇರೆ. ಮೇಲೆ ತಿಂದ ಪಿಠಲ-ಭಾಕರಿ ಹೊಟ್ಟೆಯಲ್ಲೇ ಕಲ್ಲಾಯಿತು. ಗೇರ್ ಇಳಿಸಿ, ಹೇಗೋ ಪಕ್ಕಕ್ಕೆ ನಿಲ್ಲಿಸಿ, ಅರ್ಧ ಗಂಟೆ ಸುಮ್ನೆ ಕೂತೆವು.

ಕೋಥ್ರೂಡಿನ ನಮ್ಮ ಮೇಸ್ತ್ರಿ ವಿಜಯಪುರದವನು. ಚಕ್ರ ಬಿಚ್ಚಿ ಬ್ರೇಕ್ ಪ್ಯಾಡನ್ನು, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಬಿಲ್ಲೆಯನ್ನು, ನನ್ನ ಅಂಗೈ ಮೇಲಿಟ್ಟ. ಮೇಲ್ಮೈ ಗಾಜಿನ ಹಾಗೆ ಫಳಫಳ. "ಸುಟ್ಟು ಕರಕಲಾಗ್ಯಾವ್ರೀ ಸರ. ಟೈರ್ ದೊಡ್ಡವು ಹಾಕ್ಸೀರಿ, ಬ್ರೇಕ್ ಹಳೇವ ಅದಾವು. ಅವಾದ್ರೂ ಏನ್ ಮಾಡ್ಬೇಕು?" ಅಂದ. ನಿಜವೇ. ಟೈರ್ ದೊಡ್ಡದಾದಷ್ಟೂ ಅದನ್ನು ನಿಲ್ಲಿಸಲು ಬ್ರೇಕ್ ಜಾಸ್ತಿ ದುಡಿಯಬೇಕು. ನನ್ನದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಫೋರ್ ಬೈ ಫೋರ್. ಇಳಿಜಾರಿನಲ್ಲಿ ಹೆಚ್ಚಿನ ಭಾರ ಮುಂದಿನ ಡಿಸ್ಕುಗಳ ಮೇಲೇ.

ಅಲ್ಲಿಂದ ಒಂದು ವರ್ಷ ಪ್ಯಾಡ್ ಬದಲಾಯಿಸೋದೇ ಕೆಲಸವಾಯಿತು. ಪ್ರತಿ ಜೊತೆಗೂ ಮೂರು ಪರೀಕ್ಷೆ: ಸಿಂಹಗಡದ ಇಳಿಜಾರು, ಮಳೆಯಲ್ಲಿ ತಾಮ್ಹಿಣಿ ಘಾಟ್, ಸಂಜೆ ಆರರ ಕರ್ವೆ ರೋಡ್ ಟ್ರಾಫಿಕ್.

ಮೊದಲನೆಯದು ಹಳೇ ಆರ್ಗ್ಯಾನಿಕ್ ಜಾತಿಯದೇ, ಅಂದರೆ ನಾರುಗಳನ್ನು ಅಂಟಿನಿಂದ ಹಿಡಿಸಿ ಮಾಡಿದ್ದು. ಮೆತ್ತಗೆ, ಸದ್ದಿಲ್ಲ, ಅಗ್ಗ. ಊರೊಳಗೆ ಸಾಕು. ಘಾಟಿನಲ್ಲಿ ಬಿಸಿಯೇರಿದರೆ ಒಳಗಿನ ಅಂಟು ಕಾದು ಹಿಡಿತ ಹೋಗುತ್ತದೆ. ನನಗೆ ಆಗಿದ್ದೂ ಅದೇ.

ಆಮೇಲೆ ಸೆರಾಮಿಕ್. ಬೆಲೆ ಹತ್ತಿರ ಹತ್ತಿರ ದುಪ್ಪಟ್ಟು. ಕರ್ವೆ ರೋಡಿನಲ್ಲಿ ಮಾತ್ರ ರಾಜಭೋಗ! ಕೀರಲು ಸದ್ದಿಲ್ಲ, ಅಲಾಯ್ ಚಕ್ರದ ಮೇಲೆ ಕಪ್ಪು ಪುಡಿಯಿಲ್ಲ. ಸಿಂಹಗಡವನ್ನೂ ಚೆನ್ನಾಗಿಯೇ ಇಳಿಯಿತು. ಆದರೆ ಮುಳಶಿ ಕಡೆಯ ಕೆಸರಿನ ದಾರಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಇಳಿದಾಗ, ಕೊನೆಕೊನೆಗೆ ಕಾಲಿಗೆ ಭರವಸೆ ಸಿಗಲಿಲ್ಲ.

ಈಗ ಇರೋದು ಸೆಮಿ ಮೆಟಾಲಿಕ್. ಇದರಲ್ಲಿ ಉಕ್ಕಿನ ಎಳೆ, ಲೋಹದ ಪುಡಿ ಇರುತ್ತವೆ, ಶಾಖ ಬೇಗ ಹರಿದುಹೋಗುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಮೊದಲ ಎರಡು ಸಿಗ್ನಲ್‌ನಲ್ಲಿ ಸ್ವಲ್ಪ ಸೋಮಾರಿ. ಗುರ್ ಅನ್ನುತ್ತದೆ, ಚಕ್ರವೆಲ್ಲ ಮಸಿ, ಡಿಸ್ಕನ್ನೂ ಜಾಸ್ತಿ ತಿನ್ನುತ್ತದೆ. ಇಷ್ಟೆಲ್ಲ ದೂರಿದ ಮೇಲೂ ನನ್ನ ಓಟು ಇದಕ್ಕೇ. ಸಿಂಹಗಡದ ಕೊನೆಯ ತಿರುವಿನಲ್ಲೂ ಮೊದಲ ತಿರುವಿನಷ್ಟೇ ಹಿಡಿತ. ತಾಮ್ಹಿಣಿಯ ಮಳೆಯಲ್ಲಿ ಒಮ್ಮೆ ಲಘುವಾಗಿ ಒತ್ತಿ ನೀರು ಒರೆಸಿಕೊಂಡರೆ ಸಾಕು.

ಡಿಸ್ಕಿನ ವಿಷಯದಲ್ಲಿ ನಾನು ಶೋಕಿಗೆ ಬಿದ್ದೆ. ತೂತು, ಗೀರು ಎರಡೂ ಇರೋ ಡಿಸ್ಕ್ ಹಾಕಿಸಿದೆ. ಅಲಾಯ್ ಸಂದಿಯಿಂದ ಕಂಡರೆ ಏನು ಚೆಂದ! ಮೊದಲ ಕೆಸರಿನ ಟ್ರಿಪ್ಪಿಗೇ ಅರ್ಧ ತೂತು ಮುಚ್ಚಿಹೋದವು. ಮನೆಗೆ ಬಂದು ಹಲ್ಲುಕಡ್ಡಿ ಹಿಡಿದು ಒಂದೊಂದೇ ತೂತಿನಿಂದ ಒಣಗಿದ ಮಣ್ಣು ಕೆದರುತ್ತಾ ಕೂತೆ. ಹೆಂಡತಿ ಫೋಟೋ ತೆಗೆದು ಧಾರವಾಡದ ನಮ್ಮ ಮನೆಯ ಗ್ರೂಪಿಗೆ ಹಾಕಿದಳು. ಹಿಂದಿನ ಕಾಲದ ಪ್ಯಾಡ್‌ಗಳು ಬಿಸಿಯಾದಾಗ ಬಿಡುತ್ತಿದ್ದ ಅನಿಲ ಹೊರಹೋಗಲಿ ಅಂತ ಈ ತೂತು ಬಂದಿದ್ದು. ಈಗಿನ ಪ್ಯಾಡ್‌ಗಳಲ್ಲಿ ಆ ತೊಂದರೆ ಕಡಿಮೆ. ಮೇಲಾಗಿ ತೂತಿನ ಅಂಚಿನಿಂದಲೇ ಬಿರುಕು ಶುರುವಾಗೋದು. ಬರೀ ಗೀರಿನ ಡಿಸ್ಕ್ ಆದರೆ ಪರವಾಗಿಲ್ಲ, ನೀರು-ಕೆಸರು ಕೆರೆದು ಹಾಕುತ್ತದೆ. ನಾನಂತೂ ಮಧ್ಯೆ ಗಾಳಿ ಆಡುವ ಸಾದಾ ಡಿಸ್ಕಿಗೇ ವಾಪಸ್ ಬಂದೆ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಕೆಂಪು ತುಕ್ಕು ಕಾಣುತ್ತದೆ. ಹೆದರಬೇಡಿ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ಯಾವ ಪ್ಯಾಡ್ ಹಾಕಿದರೂ ಮೊದಲ ದಿನ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ನಿಂದ 10ಕ್ಕೆ ಎಂಟು-ಹತ್ತು ಸಲ ವೇಗ ಇಳಿಸಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಪೂರ್ತಿ ನಿಲ್ಲಿಸಬೇಡಿ, ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಒಂದೇ ಕಡೆ ಕೂತುಬಿಡುತ್ತದೆ.

ಇನ್ನೊಂದು. ಘಾಟಿನಲ್ಲಿ ಬಿಸಿಯೇರಿ, ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಸಾಮಾನ್ಯವಾಗಿ ಪ್ಯಾಡಿನ ತಪ್ಪು. ಬಿಸಿಯಾದಾಗ ಪೆಡಲ್ ಸ್ಪಂಜಿನ ಹಾಗೆ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದಿರುತ್ತದೆ, ಆಗ ಎಷ್ಟು ದುಬಾರಿ ಪ್ಯಾಡ್ ಹಾಕಿಸಿದರೂ ಅಷ್ಟೇ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮೇಸ್ತ್ರಿ ನನ್ನ ಗಾಡಿಯಿಂದ ತೆಗೆದ ಹಳೇ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು.