ಎಂಸಿ1648 ವಿಸಿಒ ಚಿಪ್: ಕೆಲವು ವರ್ಷ ಬಳಸಿದ ಮೇಲೆ ಬರೆದದ್ದು, ಟ್ಯಾಂಕ್ ಬಗ್ಗೆಯೇ ಜಾಸ್ತಿ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ವಿಸಿಒ ಅಂದರೆ ವೋಲ್ಟೇಜ್ ಬದಲಿಸಿ ಫ್ರೀಕ್ವೆನ್ಸಿ ಬದಲಿಸಬಹುದಾದ ಆಸಿಲೇಟರ್; ಈ ಚಿಪ್ ಚೆನ್ನಾಗಿದೆ, ತಗೊಳ್ಳಿ. ಆದರೆ ಚಿಪ್ಪಿಗೆ ಯೋಚಿಸಿದ ಹತ್ತು ಪಾಲು ಅದರ ಹೊರಗೆ ಕೂರಿಸುವ ಕಾಯಿಲ್, ವ್ಯಾರಾಕ್ಟರ್ (ವೋಲ್ಟೇಜ್‌ಗೆ ಕೆಪಾಸಿಟೆನ್ಸ್ ಬದಲಾಗುವ ಡಯೋಡ್), ಕೆಪಾಸಿಟರ್‌ಗಳಿಗೆ, ಅಂದರೆ ಟ್ಯಾಂಕಿಗೆ, ಯೋಚಿಸಿ. ಫ್ರೀಕ್ವೆನ್ಸಿ ನಿಲ್ಲುತ್ತೋ ಇಲ್ವೋ, ಸದ್ದು ಶುದ್ಧವಾಗಿದೆಯೋ ಇಲ್ವೋ ಅನ್ನೋದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. "ಈ ಚಿಪ್ ಡ್ರಿಫ್ಟ್ ಆಗುತ್ತೆ, ದಂಡ" ಅಂತ ಬೈಯುವವರ ಬೋರ್ಡ್ ಫೋಟೋ ನೋಡಿದರೆ ಸಾಕು, ಕಾರಣ ಕಾಯಿಲ್ ಪಕ್ಕದಲ್ಲೇ ಕೂತಿರುತ್ತದೆ.

ನಾನು ಬಳಸುವುದು 2 ಮೀಟರ್ ಹ್ಯಾಮ್ (ಹವ್ಯಾಸಿ ರೇಡಿಯೋ) ರಿಸೀವರ್‌ನ ಲೋಕಲ್ ಆಸಿಲೇಟರ್ ಆಗಿ, ಅಂದರೆ ಬಂದ ಸಿಗ್ನಲ್ ಜೊತೆ ಬೆರೆಸಿ ಅದನ್ನು ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸುವುದಕ್ಕೆ. ನಮ್ಮ ದೇಶದಲ್ಲಿ ಈ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ಆ ಇಳಿಸಿದ ಫ್ರೀಕ್ವೆನ್ಸಿ (ಐಎಫ್) 10.7 ಮೆಗಾಹರ್ಟ್ಸ್ ಇಟ್ಟರೆ ಆಸಿಲೇಟರ್ 133.3ರಿಂದ 135.3ರವರೆಗೆ ಓಡಬೇಕು. ಎಂಸಿ1648 ಮೋಟೊರೋಲಾ ಕಾಲದ ಇಸಿಎಲ್ (ವೇಗದ ಲಾಜಿಕ್ ಬಗೆಯ) ಚಿಪ್, 14 ಕಾಲಿನದು, 5 ವೋಲ್ಟ್ ಸಾಕು, ಡೇಟಾಶೀಟ್ ಪ್ರಕಾರ 225 ಮೆಗಾಹರ್ಟ್ಸ್‌ವರೆಗೂ ಹೋಗುತ್ತದೆ. ಅಂದರೆ 135 ಅದಕ್ಕೆ ಭಾರವಲ್ಲ. 10 ಮತ್ತು 12ನೇ ಕಾಲಿನ ನಡುವೆ ಎಲ್‌ಸಿ ಟ್ಯಾಂಕ್ (ಕಾಯಿಲ್ ಎಲ್, ಕೆಪಾಸಿಟರ್ ಸಿ ಸೇರಿದ ಸರ್ಕ್ಯೂಟ್) ಹಾಕಬೇಕು, ಅಷ್ಟೇ. ಆ "ಅಷ್ಟೇ" ಅನ್ನೋದರಲ್ಲೇ ಕೆಲಸವೆಲ್ಲ ಇರೋದು.

ಬಹಳ ಜನ 100 ನ್ಯಾನೋಹೆನ್ರಿ ಕಾಯಿಲ್‌ನಿಂದ ಶುರು ಮಾಡುತ್ತಾರೆ, ಲೆಕ್ಕಕ್ಕೆ ಸುಲಭ ಅಂತ. 134 ಮೆಗಾಹರ್ಟ್ಸ್‌ಗೆ ಒಟ್ಟು 14 ಪಿಎಫ್ (ಪಿಕೋಫ್ಯಾರಡ್) ಬೇಕಾಗುತ್ತದೆ. ಅದರಲ್ಲಿ ಚಿಪ್ಪಿನ ಒಳಗಿನ ಕೆಪಾಸಿಟೆನ್ಸೇ ಸುಮಾರು 6 ಪಿಎಫ್. ಬೋರ್ಡಿನ ಟ್ರ್ಯಾಕು, ಕಾಲು, ಬೆಸುಗೆ ಎಲ್ಲ ಸೇರಿ ಇನ್ನೆರಡು. ಅರ್ಧಕ್ಕಿಂತ ಜಾಸ್ತಿ ನಿಮ್ಮ ಕೈಯಲ್ಲೇ ಇಲ್ಲ, ನೋಡಿ! ಅದು ಬಿಸಿಗೂ ಬದಲಾಗುತ್ತದೆ, ಸಪ್ಲೈ ವೋಲ್ಟೇಜ್‌ಗೂ ಬದಲಾಗುತ್ತದೆ. ಒಂದು ಪಿಎಫ್ ಆಚೀಚೆ ಆದರೆ 4.8 ಮೆಗಾಹರ್ಟ್ಸ್ ಹಾರುತ್ತದೆ. ನಮಗೆ ಬೇಕಾದ ಇಡೀ 2 ಮೆಗಾಹರ್ಟ್ಸ್ ಬ್ಯಾಂಡ್ 0.4 ಪಿಎಫ್ ಒಳಗೆ ಮುಗಿದುಹೋಗುತ್ತದೆ, ಬೆರಳು ಹತ್ತಿರ ತಂದರೂ ಅಷ್ಟು ಬದಲಾವಣೆ ಆಗುತ್ತೆ ಅಲ್ವಾ.

ಅದಕ್ಕೇ ನಾನು 47 ನ್ಯಾನೋಹೆನ್ರಿಗೆ ಬಂದು ನಿಂತೆ. ಆಗ ಒಟ್ಟು 30 ಪಿಎಫ್ ಬೇಕು, ಚಿಪ್ಪಿನ 6 ಪಿಎಫ್ ಐದನೇ ಒಂದು ಪಾಲಾಗುತ್ತದೆ, ಉಳಿದದ್ದನ್ನು ಒಳ್ಳೆಯ ಕೆಪಾಸಿಟರ್‌ನಿಂದ ನಾವೇ ತುಂಬಬಹುದು. ಒಂದು ಪಿಎಫ್‌ಗೆ ಈಗ 2.2 ಮೆಗಾಹರ್ಟ್ಸ್ ಮಾತ್ರ. ಹಾಗಂತ ಕಾಯಿಲ್ ಇನ್ನೂ ಚಿಕ್ಕದು ಮಾಡ್ತಾ ಹೋಗಬೇಡಿ. ಎಲ್ ಕಡಿಮೆಯಾದಷ್ಟೂ ಟ್ಯಾಂಕಿನ ಪ್ಯಾರಲಲ್ ರೆಸಿಸ್ಟೆನ್ಸ್ ಇಳಿಯುತ್ತದೆ. ಕ್ಯೂ (ಟ್ಯಾಂಕ್ ಎಷ್ಟು ಕಡಿಮೆ ಶಕ್ತಿ ಕಳೆಯುತ್ತದೆ ಅನ್ನುವ ಅಳತೆ) 100 ಅಂದುಕೊಂಡರೆ 47ಕ್ಕೆ ಅದು 4 ಕಿಲೋಓಮ್, 22ಕ್ಕೆ 2 ಕಿಲೋಓಮ್‌ಗಿಂತ ಕಡಿಮೆ. ಆಮೇಲೆ ಸ್ವಿಂಗ್, ಅಂದರೆ ಆಂದೋಲನದ ಎತ್ತರ, ಕುಗ್ಗುತ್ತದೆ, ತಂಪಿನಲ್ಲಿ ಆನ್ ಮಾಡಿದಾಗ ಶುರುವಾಗಲು ತಡವರಿಸುತ್ತದೆ. 100 ಮೆಗಾಹರ್ಟ್ಸ್ ಮೇಲೆ ಸ್ವಿಂಗ್ ಸಾಲದಿದ್ದರೆ 5ನೇ ಕಾಲಿನ ಎಜಿಸಿಯಿಂದ (ಸ್ವಿಂಗ್ ಮಟ್ಟ ಕಾಯುವ ಭಾಗ) ಪ್ಲಸ್ ಸಪ್ಲೈಗೆ ಒಂದು ರೆಸಿಸ್ಟರ್ ಹಾಕಬಹುದು, ಆದರೆ 1 ಕಿಲೋಓಮ್‌ಗಿಂತ ಕಡಿಮೆ ಬೇಡ.

ಡೇಟಾಶೀಟ್ ಟ್ಯಾಂಕಿನ ಕ್ಯೂ 100 ಅಥವಾ ಅದಕ್ಕಿಂತ ಜಾಸ್ತಿ ಇರಲಿ ಅನ್ನುತ್ತದೆ. ಸುಮ್ನೆ ಹೇಳಿದ ಮಾತಲ್ಲ ಅದು. ಲೀಸನ್ 1966ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಲೋಡ್ ಆದ ಕ್ಯೂ ಎರಡು ಪಟ್ಟಾದರೆ ಕ್ಯಾರಿಯರ್ ಹತ್ತಿರದ ಫೇಸ್ ನಾಯ್ಸ್ (ಫ್ರೀಕ್ವೆನ್ಸಿಯ ಸಣ್ಣ ನಡುಕದಿಂದ ಬರುವ ನಾಯ್ಸ್) 6 ಡಿಬಿ ಇಳಿಯುತ್ತದೆ. ಮಲ್ಟಿಲೇಯರ್ ಚಿಪ್ ಇಂಡಕ್ಟರ್ ಅಗ್ಗ, ಚಿಕ್ಕದು, ಆದರೆ ಕ್ಯೂ ಈ ಕೆಲಸಕ್ಕೆ ಸಾಲದು. ವೈರ್‌ವೂಂಡ್ ಸೆರಾಮಿಕ್ ಕೋರ್‌ದು ಅದಕ್ಕಿಂತ ಎಷ್ಟೋ ಮೇಲು. ಗಾಳಿ ಕಾಯಿಲ್ ಎಲ್ಲಕ್ಕಿಂತ ಮೇಲು. 22 ಗೇಜ್ ಎನಾಮಲ್ ತಂತಿ ತಗೊಂಡು 5 ಎಂಎಂ ಡ್ರಿಲ್ ಬಿಟ್ ಮೇಲೆ 3 ಸುತ್ತು ಸುತ್ತಿ, ಉದ್ದ 3.5 ಎಂಎಂ ಬರೋ ಹಾಗೆ ಎಳೆಯಿರಿ. ಸುಮಾರು 47 ನ್ಯಾನೋಹೆನ್ರಿ ಸಿಗುತ್ತದೆ. ಸುತ್ತುಗಳ ನಡುವೆ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಸ್ವಲ್ಪ ಅಗಲಿಸಿದರೆ ಫ್ರೀಕ್ವೆನ್ಸಿ ಏರುತ್ತದೆ, ಒತ್ತಿದರೆ ಇಳಿಯುತ್ತದೆ.

ಗಾಳಿ ಕಾಯಿಲ್‌ಗೆ ಒಂದು ಕಾಟ ಇದೆ, ಅದು ನಡುಗುತ್ತದೆ. ಸ್ಪೀಕರ್ ಅದೇ ಡಬ್ಬದಲ್ಲಿದ್ದರೆ ಸದ್ದಿಗೆ ಕಾಯಿಲ್ ಅಲುಗಾಡಿ, ಫ್ರೀಕ್ವೆನ್ಸಿ ಅಲುಗಾಡಿ, ಆ ಸದ್ದು ಮತ್ತೆ ಸ್ಪೀಕರ್‌ನಲ್ಲಿ ಬಂದು ಕೊನೆಗೆ ಊಳಿಡಲು ಶುರು ಮಾಡುತ್ತದೆ. ಕಾಯಿಲ್‌ನ ಕಾಲು ಬೋರ್ಡಿಗೆ ಅಂಟಿದ ಹಾಗೆ ಗಿಡ್ಡ ಮಾಡಿ, ಅಡ್ಜಸ್ಟ್ ಎಲ್ಲ ಮುಗಿದ ಮೇಲೆ ಜೇನುಮೇಣ ಕರಗಿಸಿ ಒಂದೆರಡು ಹನಿ ಬಿಡಿ. ಮೇಣ ಬಿದ್ದ ಕೂಡಲೇ ಫ್ರೀಕ್ವೆನ್ಸಿ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಟ್ರಿಮ್ಮರ್‌ನಲ್ಲಿ (ತಿರುಗಿಸಿ ಹೊಂದಿಸುವ ಚಿಕ್ಕ ಕೆಪಾಸಿಟರ್) ಜಾಗ ಉಳಿಸಿಕೊಂಡಿರಿ. ಅಲುಗಾಟ ಗೊತ್ತಾಗಬೇಕಾದರೆ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ನಲ್ಲಿ (ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರ್) ಎಸ್‌ಎಸ್‌ಬಿ ಮೋಡ್ ಹಾಕಿ ಆಸಿಲೇಟರ್ ಟೋನ್ ಕೇಳ್ತಾ ಮೇಜಿನ ಮೇಲೆ ಬೆರಳಿಂದ ತಟ್ಟಿ. ಪ್ರತಿ ತಟ್ಟಿಗೂ "ಡೊಂಯ್" ಅಂತ ಕೇಳಿಸಿದರೆ ಮೇಣ ಸಾಲದು.

ಕೆಪಾಸಿಟರ್ ವಿಷಯ ಚಿಕ್ಕದು. ಟ್ಯಾಂಕಿನಲ್ಲಿ ಎನ್‌ಪಿಒ (ಬಿಸಿಗೆ ಹೆಚ್ಚು ಬದಲಾಗದ ಸೆರಾಮಿಕ್ ಬಗೆ) ಬಿಟ್ಟು ಬೇರೇನೂ ಬೇಡ. ಅದರ ಬದಲಾವಣೆ ಡಿಗ್ರಿಗೆ ಮಿಲಿಯನ್‌ನಲ್ಲಿ 30 ಭಾಗದ ಒಳಗೆ. ಅಷ್ಟಿದ್ದರೂ, ಟ್ಯಾಂಕಿನ ಕೆಪಾಸಿಟೆನ್ಸ್ ಪೂರ್ತಿ ಆ ಲೆಕ್ಕದಲ್ಲಿ ಬದಲಾದರೆ 134 ಮೆಗಾಹರ್ಟ್ಸ್‌ನಲ್ಲಿ ಡಿಗ್ರಿಗೆ 2 ಕಿಲೋಹರ್ಟ್ಸ್ ಸರಿಯುತ್ತದೆ. ಎಕ್ಸ್7ಆರ್ ಬಗೆಯ ಸೆರಾಮಿಕ್ ಬಿಸಿಗೆ ಶೇಕಡ 15ರವರೆಗೆ ಆಚೀಚೆ ಹೋಗಬಹುದು. ಅದನ್ನು ಸಪ್ಲೈ ಬೈಪಾಸ್‌ಗೆ ಇಟ್ಟುಕೊಳ್ಳಿ.

ಇನ್ನು ವ್ಯಾರಾಕ್ಟರ್. ನನಗೆ ಹಿಡಿಸಿದ್ದು ಎಂವಿ209, 3 ವೋಲ್ಟ್‌ನಲ್ಲಿ 29 ಪಿಎಫ್. ಅದನ್ನು ನೇರವಾಗಿ ಟ್ಯಾಂಕಿಗೆ ಕಟ್ಟಿದರೆ ಹತ್ತಾರು ಮೆಗಾಹರ್ಟ್ಸ್ ಟ್ಯೂನ್ ಆಗುತ್ತದೆ, ನೋಡೋಕೆ ಖುಷಿ. ಆದರೆ ವೋಲ್ಟ್‌ಗೆ 10 ಮೆಗಾಹರ್ಟ್ಸ್ ಓಡುವ ವಿಸಿಒ ಅಂದರೆ, ಟ್ಯೂನಿಂಗ್ ತಂತಿಯ ಮೇಲೆ ಬರೀ 10 ಮೈಕ್ರೋವೋಲ್ಟ್ ಹಮ್ (ಸಪ್ಲೈಯಿಂದ ಸೇರುವ ಗುಂಯ್) ಇದ್ದರೂ ಫ್ರೀಕ್ವೆನ್ಸಿ 100 ಹರ್ಟ್ಸ್ ಅತ್ತಿತ್ತ ಹೋಗುತ್ತದೆ. ಬೇಕಾದ್ದು 2 ಮೆಗಾಹರ್ಟ್ಸ್ ಆದಾಗ ಅಷ್ಟು ಬಾಗಿಲು ಯಾಕೆ ತೆರೆಯಬೇಕು? ನಾನು 6.8 ಪಿಎಫ್ ಎನ್‌ಪಿಒ ಮೂಲಕ ಜೋಡಿಸುತ್ತೇನೆ. 1ರಿಂದ 8 ವೋಲ್ಟ್ ಕೊಟ್ಟಾಗ ಟ್ಯಾಂಕಿಗೆ ಕಾಣುವ ಬದಲಾವಣೆ ಸುಮಾರು 1 ಪಿಎಫ್, ಅಂದರೆ ಎರಡು ಮೆಗಾಹರ್ಟ್ಸ್ ಚಿಲ್ಲರೆ. ವೋಲ್ಟ್‌ಗೆ 0.3 ಆಸುಪಾಸು. ಅದೇ ಹಮ್‌ಗೆ ಈಗ ಮೂರೋ ನಾಲ್ಕೋ ಹರ್ಟ್ಸ್ ಅಷ್ಟೇ. ಡಯೋಡಿನ ಮೇಲೆ ಬೀಳುವ ಆರ್‌ಎಫ್ ಕೂಡ ಕಡಿಮೆಯಾಗುತ್ತದೆ, ಅದರ ಕ್ಯೂ ಟ್ಯಾಂಕಿನ ಕ್ಯೂವನ್ನು ಎಳೆದು ಬೀಳಿಸುವುದೂ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ 15 ಪಿಎಫ್ ಮತ್ತೊಂದು ಚಿಕ್ಕ ಟ್ರಿಮ್ಮರ್.

ಕಪ್ಲಿಂಗ್ ಕೆಪಾಸಿಟರ್ ಇಲ್ಲದೆ ನೇರ ಕಟ್ಟುವವರು ಒಂದು ಗಮನಿಸಿ. 10ನೇ ಕಾಲು ನೆಲಕ್ಕಿಂತ ಸುಮಾರು 1.4 ವೋಲ್ಟ್ ಮೇಲಿರುತ್ತದೆ, ಹಾಗಾಗಿ ಟ್ಯೂನಿಂಗ್ ವೋಲ್ಟೇಜಿನಿಂದ ಅಷ್ಟನ್ನು ಕಳೆದೇ ಲೆಕ್ಕ ಹಾಕಬೇಕು. ಇನ್ನೊಂದು, ವ್ಯಾರಾಕ್ಟರ್‌ಗೆ ವೋಲ್ಟೇಜ್ ಕೊಡುವ ರೆಸಿಸ್ಟರ್ 100 ಕಿಲೋಓಮ್ ಇಟ್ಟರೆ ಅದೇ ನಾಯ್ಸ್ ಮಾಡುತ್ತದೆ. 10 ಕಿಲೋಓಮ್ ಜೊತೆ ಒಂದು ಆರ್‌ಎಫ್ ಚೋಕ್ ಹಾಕಿದರೆ ಆ ನಾಯ್ಸ್ ಮೂರನೇ ಒಂದಕ್ಕೆ ಇಳಿಯುತ್ತದೆ.

ಲೇಔಟ್‌ನಲ್ಲಿ ಜನ ಮರೆಯುವುದು 10ನೇ ಕಾಲಿನ ಬೈಪಾಸ್ (ನೆಲಕ್ಕೆ ಹಾಕುವ ಕೆಪಾಸಿಟರ್). ಟ್ಯಾಂಕಿನ ಕರೆಂಟ್ ಅದರ ಮೂಲಕವೇ ನೆಲಕ್ಕೆ ಹೋಗಿ ಬರುವುದು. ಒಂದು ಸೆಂಟಿಮೀಟರ್ ತಂತಿ ಬಿಟ್ಟರೆ ಎಂಟೋ ಹತ್ತೋ ನ್ಯಾನೋಹೆನ್ರಿ ಅಲ್ಲೇ ಸೇರಿಕೊಳ್ಳುತ್ತದೆ, 47ರ ಮುಂದೆ ಅದೇನು ಸಣ್ಣದಲ್ಲ. 0.1 ಮೈಕ್ರೋಫ್ಯಾರಡ್ ಜೊತೆಗೆ 1 ನ್ಯಾನೋಫ್ಯಾರಡ್ ಒಂದನ್ನು ಕಾಲಿಗೆ ತಾಗಿದ ಹಾಗೆ ಬೆಸೆಯಿರಿ.

ತಗಡಿನ ಡಬ್ಬ ಕಡ್ಡಾಯ ಅಂತಲೇ ಹೇಳುತ್ತೇನೆ. 133ರಿಂದ 135 ಮೆಗಾಹರ್ಟ್ಸ್ ವಿಮಾನಗಳು ಮಾತಾಡುವ ಬ್ಯಾಂಡಿನೊಳಗೆ ಬರುತ್ತದೆ, ನಮ್ಮ ಆಸಿಲೇಟರ್ ಆಂಟೆನಾ ಮೂಲಕ ಹೊರಗೆ ಸೋರಬಾರದು. ಮುಚ್ಚಳ ಕಾಯಿಲ್‌ನಿಂದ ಕನಿಷ್ಠ ಕಾಯಿಲ್‌ನ ವ್ಯಾಸದಷ್ಟು ದೂರ ಇರಲಿ. ಹತ್ತಿರ ಬಂದರೆ ಎಲ್ ಇಳಿದು ಫ್ರೀಕ್ವೆನ್ಸಿ ಮೇಲೇರುತ್ತದೆ, ಕ್ಯೂ ಕೂಡ ಬೀಳುತ್ತದೆ. ಕೊನೆಯ ಟ್ರಿಮ್ಮಿಂಗ್ ಮುಚ್ಚಳ ಹಾಕಿಯೇ ಮಾಡಿ, ಟ್ರಿಮ್ಮರ್ ಎದುರು ಒಂದು ತೂತು ಬಿಟ್ಟು.

ಬೇರೆ ಚಿಪ್‌ಗಳ ಜೊತೆ ಹೋಲಿಸಿದರೆ, ಮ್ಯಾಕ್ಸ್2606 ಸುಲಭ. ವ್ಯಾರಾಕ್ಟರ್ ಒಳಗೇ ಇದೆ, ಹೊರಗೆ ಕಾಯಿಲ್ ಒಂದು ಹಾಕಿದರೆ 70ರಿಂದ 150 ಮೆಗಾಹರ್ಟ್ಸ್ ಒಳಗೆ ಎಲ್ಲಿ ಬೇಕೋ ಅಲ್ಲಿ ಓಡುತ್ತದೆ. ಜಾಗ ಇಲ್ಲದ ಕಡೆ ಅದನ್ನೇ ಹಾಕಿ. ಆದರೆ ಟ್ಯೂನಿಂಗ್ ಎಷ್ಟು ಅಗಲ ಇರಬೇಕು ಅನ್ನೋದು ಅಲ್ಲಿ ನಿಮ್ಮ ಕೈಲಿಲ್ಲ. ನಾಯ್ಸ್ ಒಂದೇ ಮುಖ್ಯ ಅನ್ನುವವರಿಗೆ ಒಳ್ಳೆಯ ಕಾಯಿಲ್ ಜೊತೆ ಒಂದು ಜೆ310 ಫೆಟ್ ಆಸಿಲೇಟರ್ ಎಂಸಿ1648ಗಿಂತ ಮೇಲು, ಅದನ್ನು ಒಪ್ಪಲೇಬೇಕು. ಎಂಸಿ1648ರ ಬಲ ಬೇರೆ. ಟ್ಯಾಂಕ್ ಸರಿ ಇದ್ದರೆ ತಂಟೆ ಇಲ್ಲದೆ ಶುರುವಾಗುತ್ತದೆ, ಅದರ ಎಜಿಸಿ ಸ್ವಿಂಗನ್ನು ಒಂದೇ ಮಟ್ಟದಲ್ಲಿ ಇಡುತ್ತದೆ, ಔಟ್‌ಪುಟ್ ಬಫರ್ ಆಗಿ ಬರುತ್ತದೆ.

ಕೊಳ್ಳುವಾಗ ಹುಷಾರು. ಈಗ ಸಿಗುವುದೆಲ್ಲ ಹಳೇ ಸ್ಟಾಕ್. ನನಗೆ ಒಂದು ಆನ್‌ಲೈನ್ ಅಂಗಡಿಯಿಂದ ಬಂದ ಚಿಪ್‌ಗಳಲ್ಲಿ ಕೆಲವಕ್ಕೆ ಮೇಲಿನ ಹೆಸರನ್ನು ಮತ್ತೆ ಅಚ್ಚು ಹಾಕಿದ್ದರು, ಅಸಿಟೋನ್ ಹತ್ತಿಯಿಂದ ಉಜ್ಜಿದಾಗ ಅಕ್ಷರ ಹೋಗಿಬಿಟ್ಟವು. ಟ್ಯಾಂಕ್ ಬೆಸೆಯುವ ಮುಂಚೆ 5 ವೋಲ್ಟ್ ಕೊಟ್ಟು 10ನೇ ಕಾಲಿನ ವೋಲ್ಟೇಜ್ ನೋಡಿ. 1.4 ಹತ್ತಿರ ಇಲ್ಲದಿದ್ದರೆ ಅದನ್ನು ಬೋರ್ಡಿಗೆ ಹಾಕಬೇಡಿ, ವಾಪಸ್ ಕಳಿಸಿ.