‘ಪ್ಲೇ ಗ್ಯಾರಂಟಿ’ ಅಂದವರಿಗೆ ದುಡ್ಡು ಕೊಟ್ಟು ಹಾಡನ್ನೇ ಕಳೆದುಕೊಂಡೆವು

ನಮ್ಮದು ನಾಲ್ಕು ಜನರ ಬ್ಯಾಂಡ್. ನಾನು ಕೀಬೋರ್ಡ್ ನುಡಿಸುತ್ತೇನೆ. ನಮ್ಮ ಹೊಟ್ಟೆ ತುಂಬುವುದು ಮದುವೆ, ಆಫೀಸ್ ಪಾರ್ಟಿಗಳಲ್ಲಿ ಬೇರೆಯವರ ಹಾಡು ನುಡಿಸಿ. ಉಳಿದ ದಿನ ಪಾಠ, ಯಾರಾದರೂ ಕರೆದರೆ ಸ್ಟುಡಿಯೋ ಕೆಲಸ. ಸ್ವಂತ ಹಾಡಿನಿಂದ ಬರುವುದು ಚಿಲ್ಲರೆ ಕಾಸು. ಆದರೂ ಒಂದು ಹಾಡು ಮಾಡಿ, ಹಾಡು ಕೇಳುವ ಆ್ಯಪ್‌ಗಳಲ್ಲಿ ಬಿಟ್ಟೆವು. ಚಪಲ, ಏನು ಮಾಡೋದು.

ಎರಡು ತಿಂಗಳಾದರೂ ಪ್ಲೇ 300 ದಾಟಲಿಲ್ಲ. ಅಂಥ ಒಂದು ಆ್ಯಪ್ ಸ್ಪಾಟಿಫೈನಲ್ಲಿ 2024ರಿಂದ ಒಂದು ನಿಯಮ ಇದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಪ್ಲೇ ಆಗದಿದ್ದರೆ ಆ ರೆಕಾರ್ಡಿಂಗ್‌ಗೆ ರಾಯಲ್ಟಿ ಇಲ್ಲ. ಅಂದರೆ ಚಿಲ್ಲರೆಗೂ ಕಲ್ಲು. ಸರಿಯಾಗಿ ಅದೇ ಹೊತ್ತಿಗೆ ಒಬ್ಬನ ಮೆಸೇಜ್ ಬಂತು. ‘ನಿಮ್ಮ ಹಾಡು ಕೇಳಿ ಕಣ್ಣಲ್ಲಿ ನೀರು ಬಂತು. ನಮ್ಮ ಕೈಯಲ್ಲಿ ದೊಡ್ಡ ಪ್ಲೇಲಿಸ್ಟ್‌ಗಳಿವೆ, ಒಂದು ತಿಂಗಳಲ್ಲಿ 50,000 ಪ್ಲೇ ಗ್ಯಾರಂಟಿ.’ ಮೂರು ಮದುವೆಯಲ್ಲಿ ಉಳಿದಿದ್ದ ದುಡ್ಡನ್ನು ಒಟ್ಟು ಮಾಡಿ ಕಳಿಸಿದೆವು. ಬೇಡ ಅಂದಿದ್ದು ನಮ್ಮ ಬೇಸ್ ವಾದಕ ಒಬ್ಬನೇ. ನಾವು ಮೂವರು ಸೇರಿ ಅವನ ಬಾಯಿ ಮುಚ್ಚಿಸಿದೆವು.

ಐದನೇ ದಿನ, ರಾತ್ರಿ ಒಂದು ಗಂಟೆ. ಕಾರ್ಯಕ್ರಮ ಮುಗಿಸಿ ಡ್ರಮ್ಸ್ ಬಿಚ್ಚುತ್ತಿದ್ದೆವು. ಡ್ರಮ್ಮರ್ ಸಿಂಬಲ್ ಸ್ಟ್ಯಾಂಡ್ ಕಂಕುಳಲ್ಲಿ ಇಟ್ಟುಕೊಂಡೇ ಫೋನ್ ತೋರಿಸಿದ. 9,000! ಅಲ್ಲೇ ಕುಣಿದುಬಿಟ್ಟೆವು.

ಮನೆಗೆ ಹೋಗಿ ವಿವರ ನೋಡಿದಾಗ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯಿತು. ಹೆಚ್ಚುಕಮ್ಮಿ ಎಲ್ಲಾ ಪ್ಲೇ ಒಂದೇ ಊರಿನದು, ನಾವು ಯಾವತ್ತೂ ಕಾಲಿಡದ ಊರು. ಕೇಳಿದವರು ಬೆರಳೆಣಿಕೆಯಷ್ಟು, ಆದರೆ ಒಬ್ಬೊಬ್ಬರು ನೂರಾರು ಸಲ. ಹಾಡನ್ನು ಸೇವ್ ಮಾಡಿಕೊಂಡವರು ಸೊನ್ನೆ. ಹೊಸ ಫಾಲೋವರ್ಸ್ ಇಬ್ಬರು, ಅದರಲ್ಲಿ ಒಬ್ಬರು ನಮ್ಮ ಗಾಯಕಿಯ ಅತ್ತಿಗೆ. ನಮ್ಮನ್ನು ಕೇಳುವವರು ಇನ್ನು ಯಾರನ್ನು ಕೇಳುತ್ತಾರೆ ಅಂತ ನೋಡಿದರೆ ಮಳೆ ಸದ್ದು, ಫ್ಯಾನ್ ಸದ್ದು. ಇದು ಮನುಷ್ಯರ ಕೆಲಸ ಅಲ್ಲ, ಬಾಟ್‌ಗಳದ್ದು, ಅಂದರೆ ತಾನಾಗೇ ಹಾಡು ಓಡಿಸುತ್ತಾ ಹೋಗುವ ಪ್ರೋಗ್ರಾಂಗಳದ್ದು.

ಮುಂದಿನ ತಿಂಗಳು ನಮ್ಮ ಹಾಡನ್ನು ಆ್ಯಪ್‌ಗಳಿಗೆ ಹಾಕಿಕೊಡುವ ಕಂಪನಿಯಿಂದ ಮೇಲ್ ಬಂತು. ನಕಲಿ ಪ್ಲೇ ಸಿಕ್ಕಿದೆ, ಹಾಡು ತೆಗೆದಿದ್ದೇವೆ, ದುಡ್ಡು ತಡೆಹಿಡಿದಿದ್ದೇವೆ, ಮೇಲೆ ಇಷ್ಟು ದಂಡ. ನಿಜವಾಗಿ ಕೇಳಿದ ಆ 300 ಪ್ಲೇ ಕೂಡ ಹೋಯಿತು. ನಾವು ಮೋಸ ಹೋದವರು ಅಂತ ಎಷ್ಟು ಬರೆದರೂ ಒಂದೇ ಸಿದ್ಧ ಉತ್ತರ: ಪ್ಲೇ ಯಾರು ಮಾಡಿಸಿದರೂ ಹಾಡಿನ ಜವಾಬ್ದಾರಿ ನಿಮ್ಮದೇ.

ಸಿಟ್ಟು ಬಂತು. ಆದರೆ ಅವರದ್ದು ಪೂರ್ತಿ ತಪ್ಪು ಅನ್ನೋಕಾಗಲ್ಲ. ಈ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಪ್ಲೇಗೆ ಇಷ್ಟು ಅಂತ ನಿಗದಿ ದರ ಇರುವುದಿಲ್ಲ. ಬಂದ ದುಡ್ಡನ್ನು ಒಂದು ಕಡೆ ಹಾಕಿ, ಒಟ್ಟು ಪ್ಲೇಗಳಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚುತ್ತಾರೆ. ಬಾಟ್ ಕೇಳಿದ ಒಂದೊಂದು ಪ್ಲೇಯೂ ನಮ್ಮಂಥ ಇನ್ನೊಂದು ಬ್ಯಾಂಡಿನ ತಟ್ಟೆಯಿಂದ ಕಿತ್ತುಕೊಂಡದ್ದು. 2024ರಲ್ಲಿ ಅಮೆರಿಕದಲ್ಲಿ ಇಂಥದ್ದೇ ಆರೋಪದ ಮೇಲೆ ಒಬ್ಬನ ಮೇಲೆ ಕ್ರಿಮಿನಲ್ ಕೇಸೇ ಹಾಕಿದರು.

ಹಾಗಾಗಿ ಯಾರಾದರೂ ಸಂಖ್ಯೆ ಹೇಳಿ ಗ್ಯಾರಂಟಿ ಕೊಟ್ಟರೆ ಅಲ್ಲಿಗೇ ಮಾತು ನಿಲ್ಲಿಸಿ. ಜನ ಕೇಳುತ್ತಾರೋ ಇಲ್ಲವೋ ಅಂತ ಯಾರು ಗ್ಯಾರಂಟಿ ಕೊಡೋಕಾಗುತ್ತೆ, ಹೇಳಿ. ಸ್ಪಾಟಿಫೈನವರ ಪ್ಲೇಲಿಸ್ಟ್‌ಗೆ ಹಾಡು ಕಳಿಸೋದು ಪುಕ್ಕಟೆ. ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಕಲಾವಿದರ ಖಾತೆಯಿಂದ ಕಳಿಸಿದರೆ, ಅವರು ಆರಿಸದಿದ್ದರೂ ನಿಮ್ಮ ಫಾಲೋವರ್ಸ್‌ನ ಹೊಸ ಹಾಡುಗಳ ಪಟ್ಟಿಗಾದರೂ ಹೋಗುತ್ತದೆ. ನಮಗೆ ಇದು ಆಮೇಲೆ ಗೊತ್ತಾಯಿತು. ಇನ್ನು, ಗೊತ್ತಿಲ್ಲದ ಪ್ಲೇಲಿಸ್ಟ್‌ನಲ್ಲಿ ನಿಮ್ಮ ಹಾಡು ಕಂಡು ಪ್ಲೇ ಸುಮ್ನೆ ಏರಿದರೆ ಖುಷಿಪಡಬೇಡಿ. ಅವತ್ತೇ ಸ್ಕ್ರೀನ್‌ಶಾಟ್ ತೆಗೆದು ಹಾಡು ಹಾಕಿಕೊಟ್ಟವರಿಗೆ ನೀವಾಗೇ ಬರೆಯಿರಿ.

ಹೋದ ವಾರ ಬೇರೆ ಹೆಸರಿನಿಂದ ಮತ್ತೊಂದು ಮೆಸೇಜ್ ಬಂತು. ಅದೇ ಹಾಡನ್ನು ನಿನ್ನೆ ರಾತ್ರಿ ಆ್ಯಪ್‌ನಲ್ಲಿ ಕೇಳಿದನಂತೆ, ಕಣ್ಣಲ್ಲಿ ನೀರು ಬಂತಂತೆ. ಹಾಡು ಅಲ್ಲಿಂದ ಹೋಗಿ ನಾಲ್ಕು ತಿಂಗಳಾಗಿದೆ.